ಎರಡು ತಾಸು

ರಾತ್ರಿ ಒಂದೂಮುಕ್ಕಾಲು. ದೇವದುರ್ಗವೋ ಮಾನ್ವಿಯೋ, ಯಾವುದಾದರೊಂದು ತಾಲ್ಲೂಕು ಕೇಂದ್ರದ ಹೆರಿಗೆ ಕೋಣೆ ಅಂದುಕೊಳ್ಳಿ. ಈ ರಾತ್ರಿ ನಾನು ಕಲ್ಪಿಸಿಕೊಂಡದ್ದು. ಯಾವುದೇ ಒಂದು ಆಸ್ಪತ್ರೆಯ, ಒಂದು ಮನೆಯ ಕಥೆಯಲ್ಲ. ಆದರೆ ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎಡೆದೊರೆ ಸೀಮೆಯಲ್ಲಿ ಹೆರಿಗೆ ಮಾಡಿಸಿದ ಯಾವ ನರ್ಸಮ್ಮನ ಮುಂದೆ ಇದನ್ನು ಇಟ್ಟರೂ ಗುರುತು ಹಿಡಿಯುತ್ತಾರೆ.

ಕೂಸು ಹುಟ್ಟಿ ಇಪ್ಪತ್ತು ನಿಮಿಷ. ಅತ್ತಿದೆ, ಮಾಸೂ ಬಿದ್ದಿದೆ. ರಕ್ತ ಮಾತ್ರ ನಿಲ್ಲುತ್ತಿಲ್ಲ. ತಾಯಿಗೆ ಹತ್ತೊಂಬತ್ತು ವರ್ಷ ಎಂದು ತಾಯಿ ಕಾರ್ಡಿನಲ್ಲಿ ಬರೆದಿದೆ. ಕೊನೆಯ ಸಲ ನೋಡಿದಾಗ ಹಿಮೋಗ್ಲೋಬಿನ್ 7.2. ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದಾನೆ, ಕಟ್ಟಡದ ಕೆಲಸಕ್ಕೆ. ಜೊತೆಗೆ ಬಂದವರು ಅತ್ತೆ ಮತ್ತು ಊರಿನ ಆಶಾ ಕಾರ್ಯಕರ್ತೆ. ಡಾಕ್ಟರು ಹೊಟ್ಟೆಯ ಮೇಲೆ ಕೈಯೂರಿ ಗರ್ಭಕೋಶವನ್ನು ಉಜ್ಜುತ್ತಿದ್ದಾರೆ. ಸೂಜಿ ಕೊಟ್ಟಾಗಿದೆ, ಎರಡೂ ಕೈಗೆ ಸಲೈನ್ ಏರಿಸಿ ಆಗಿದೆ.

‘ಯವ್ವಾ, ರಕ್ತ ಭಾಳ ಹೋಗ್ಯಾದ. ಏರಸಾಕ ಇಲ್ಲಿ ರಕ್ತ ಇಲ್ಲ. ರಾಯಚೂರಿಗೆ ಒಯ್ಯಬೇಕು, ರಿಮ್ಸ್ ದವಾಖಾನಿಗೆ.’

‘ಅಲ್ಲೀತನ ಜೀವ ಹಿಡೀತದೇನ್ರಿ ಮೇಡಂ? ಏನರ ಮಾಡಿ ಇಲ್ಲೇ ಉಳಸ್ರಿ. ನನ್ನ ರಕ್ತ ತಗೊಳ್ರಿ.’

ವೈದ್ಯಕೀಯದ ಧರ್ಮಸಂಕಟ ಎಂದಾಗ ನಮ್ಮ ಕಣ್ಣ ಮುಂದೆ ಬರುವ ಚಿತ್ರಗಳೇ ಬೇರೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಯ ಕೆಇಎಂ ಆಸ್ಪತ್ರೆಗೆ ನರ್ಸ್ ಆಗಿ ಹೋಗಿ, 1973ರ ಒಂದು ಕ್ರೂರ ಹಲ್ಲೆಯ ನಂತರ 2015ರವರೆಗೆ ಅರಿವಿಲ್ಲದೆ ಅದೇ ಆಸ್ಪತ್ರೆಯಲ್ಲಿ ಮಲಗಿದ್ದ ಅರುಣಾ ಶಾನಭಾಗ್ ನೆನಪಾಗುತ್ತಾರೆ. ಅವರ ಪ್ರಕರಣದಲ್ಲಿ ಜೀವಾಧಾರ ಚಿಕಿತ್ಸೆ ನಿಲ್ಲಿಸುವ ಬಗ್ಗೆ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು, ಅದೇ ವಿಷಯದ 2018ರ ತೀರ್ಪು, ಅದನ್ನು ಜಾರಿಗೆ ತರಲು 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಸುತ್ತೋಲೆ, ಇವೆಲ್ಲ ಗಂಭೀರ ವಿಷಯಗಳೇ. ಆದರೆ ವೆಂಟಿಲೇಟರ್ ತೆಗೆಯಬೇಕೋ ಬಿಡಬೇಕೋ ಎಂಬ ಪ್ರಶ್ನೆ ಏಳಬೇಕಾದರೆ ಮೊದಲು ವೆಂಟಿಲೇಟರ್ ಇರಬೇಕು. ಈ ಅಧ್ಯಾಯ ಅದು ಇಲ್ಲದ ಕಡೆಯದು. ಇಲ್ಲಿಯ ಧರ್ಮಸಂಕಟ ಅಂಗೈಯಗಲದ ಒಂದು ರೆಫರ್ ಚೀಟಿಯಲ್ಲಿ ಕೂತಿರುತ್ತದೆ.

ಮೊದಲು ಆ ದೇಹದಲ್ಲಿ ಏನು ನಡೆಯುತ್ತಿದೆ ಎಂದು ನೋಡಬೇಕು, ಏಕೆಂದರೆ ಉಳಿದ ಎಲ್ಲ ಪ್ರಶ್ನೆಗಳ ಗಡುವನ್ನು ನಿರ್ಧರಿಸುವುದು ಅದೇ.

ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ಪ್ರತಿ ನಿಮಿಷ 500ರಿಂದ 700 ಮಿಲಿಲೀಟರ್ ರಕ್ತ ಹರಿಯುತ್ತದೆ. ಗರ್ಭಕೋಶದ ಗೋಡೆ ಅಡ್ಡಾದಿಡ್ಡಿ ಹೆಣೆದ ಸ್ನಾಯುಗಳ ಬಲೆ. ಮಾಸಿಗೆ ಹೋಗುವ ರಕ್ತನಾಳಗಳು ಆ ಬಲೆಯ ಕಣ್ಣುಗಳಲ್ಲಿ ತೂರಿ ಹೋಗುತ್ತವೆ. ಮಾಸು ಕಳಚಿದ ಕೂಡಲೇ ಆ ನಾಳಗಳೆಲ್ಲ ಬಾಯಿ ತೆರೆದು ನಿಲ್ಲುತ್ತವೆ. ಆಗ ಗರ್ಭಕೋಶ ಮುಷ್ಟಿ ಹಿಡಿದಂತೆ ಗಟ್ಟಿಯಾಗಬೇಕು. ಜೋಳದ ಚೀಲದ ಬಾಯಿಗೆ ಕಟ್ಟಿದ ಹುರಿಯನ್ನು ಜಗ್ಗಿದ ಹಾಗೆ ಬಲೆಯ ಕಣ್ಣುಗಳು ಬಿಗಿದು ನಾಳಗಳನ್ನು ಹಿಚುಕಬೇಕು. ರಕ್ತ ಹೆಪ್ಪುಗಟ್ಟುವುದು ಆಮೇಲಿನ ಮಾತು. ಬಹುಪಾಲು ಹೆರಿಗೆಗಳಲ್ಲಿ ಇದು ತಾನೇತಾನಾಗಿ ನಡೆಯುತ್ತದೆ. ನಡೆಯದಿದ್ದಾಗ ಗರ್ಭಕೋಶ ನೆನೆದ ಅರಿವೆಯಂತೆ ಮೆತ್ತಗಿರುತ್ತದೆ, ರಕ್ತ ಹರಿಯುತ್ತಲೇ ಇರುತ್ತದೆ.

ಹೆರಿಗೆಯಲ್ಲಿ ತಾಯಿಯನ್ನು ಕೊಲ್ಲುವ ಕಾರಣಗಳಿಗೆ ಒಂದೊಂದಕ್ಕೂ ಒಂದು ಗಡಿಯಾರವಿದೆ. ಚಿಕಿತ್ಸೆ ಸಿಗದಿದ್ದರೆ ಸೋಂಕಿಗೆ ಸುಮಾರು ಆರು ದಿನ, ಕೂಸು ಅಡ್ಡ ಸಿಕ್ಕಿಕೊಂಡರೆ ಮೂರು ದಿನ, ನಂಜಿನ ಸೆಳವಿಗೆ ಎರಡು ದಿನ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಎರಡು ತಾಸು. ಇದು ಸರಾಸರಿ ಲೆಕ್ಕ. ಗಟ್ಟಿಮುಟ್ಟಾದ ಹೆಣ್ಣು ಅರ್ಧ ಲೀಟರ್ ರಕ್ತ ಹೋದರೂ ತಡೆದುಕೊಳ್ಳುತ್ತಾಳೆ. ನಲವತ್ತೈದು ಕೇಜಿ ತೂಕದ, 7.2 ಹಿಮೋಗ್ಲೋಬಿನ್‌ನ ಹುಡುಗಿಗೆ ಅಷ್ಟು ಹೋದರೆ ಎದೆಬಡಿತ ತಪ್ಪುತ್ತದೆ. ಅವಳಿಗೆ ಆ ಎರಡು ತಾಸೂ ಪೂರ್ತಿ ಸಿಗುವುದಿಲ್ಲ.

ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ರಾಯಚೂರು ಹೆಚ್ಚುಕಡಿಮೆ ಐವತ್ತು ಕಿಲೋಮೀಟರ್. ಆಂಬುಲೆನ್ಸ್ ಬರುವುದಕ್ಕೆ, ಏರಿಸುವುದಕ್ಕೆ, ರಸ್ತೆಗೆ, ಅಲ್ಲಿ ಇಳಿಸಿ ಗುಂಪು ಪರೀಕ್ಷೆ ಮಾಡಿ ರಕ್ತ ಹಚ್ಚುವುದಕ್ಕೆ ಎಷ್ಟೆಷ್ಟು ಹಿಡಿಯುತ್ತದೆ ಎಂದು ಕೂಡಿಸಿಕೊಳ್ಳಿ. ಡಾಕ್ಟರು ಆ ಲೆಕ್ಕವನ್ನು ಮನಸ್ಸಿನಲ್ಲೇ ಹಾಕುತ್ತಿದ್ದಾರೆ, ಕೈ ಹೊಟ್ಟೆಯ ಮೇಲೇ ಇದೆ. ಕಳಿಸಿದರೆ ದಾರಿಯಲ್ಲಿ ಹೋಗಬಹುದು. ಇಟ್ಟುಕೊಂಡರೆ ಇಲ್ಲೇ ಹೋಗಬಹುದು. ಇಟ್ಟುಕೊಂಡು ಹೋದರೆ ನೋಟಿಸ್, ಅಮಾನತು, ಬಾಗಿಲಲ್ಲಿ ಕಲ್ಲು. ದಾರಿಯಲ್ಲಿ ಹೋದರೆ ಚೀಟಿ ಬರೆದುಕೊಟ್ಟ ಸಾಕ್ಷಿಯಾದರೂ ಉಳಿಯುತ್ತದೆ. ಈ ಕೊನೆಯ ಯೋಚನೆ ಯಾವ ಡಾಕ್ಟರಿಗೂ ಬರಬಾರದು ಎಂದು ಹೇಳುವುದು ಸುಲಭ. ಆ ಕೋಣೆಯಲ್ಲಿ ಒಬ್ಬರೇ ನಿಂತವರಿಗೆ ಅದು ಬಾರದೆ ಇರುವಂತೆ ನಾವು ಏನು ಮಾಡಿದ್ದೇವೆ ಎಂಬುದು ನನ್ನ ಪ್ರಶ್ನೆ.

ಈಗ ಒಪ್ಪಿಗೆ ಪತ್ರ. ಆಂಬುಲೆನ್ಸಿನ ಬಾಗಿಲಲ್ಲಿ ಅತ್ತೆಯ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ: ಮುಂದೆ ಏನಾದರೂ ನಾವೇ ಜವಾಬ್ದಾರರು. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ವಯಸ್ಸಿಗೆ ಬಂದ, ಬುದ್ಧಿ ನೆಟ್ಟಗಿರುವ ರೋಗಿಯ ಪರವಾಗಿ ಆಕೆಯ ತಾಯಿ ಕೂಡ ಒಪ್ಪಿಗೆ ಕೊಡುವಂತಿಲ್ಲ. ಚಿಕಿತ್ಸೆ ಏನು, ಅಪಾಯ ಏನು, ಬೇರೆ ದಾರಿ ಏನು ಎಂದು ರೋಗಿಗೇ ತಿಳಿಸಬೇಕು. ಜೀವ ಉಳಿಸುವ ತುರ್ತು ಮಾತ್ರ ಇದಕ್ಕೆ ಹೊರತು. ನಮ್ಮ ಹೆರಿಗೆ ಕೋಣೆಗಳಲ್ಲಿ ಬಸುರಿಯನ್ನು ಬಿಟ್ಟು ಉಳಿದವರೆಲ್ಲರನ್ನೂ ಕೇಳುವ ರೂಢಿ ಎಷ್ಟು ಗಟ್ಟಿಯಾಗಿದೆ ಎಂದರೆ, ಒಂಬತ್ತು ತಿಂಗಳ ತಪಾಸಣೆಯಲ್ಲಿ ಒಮ್ಮೆಯಾದರೂ ಆಕೆಯನ್ನು ಕೂರಿಸಿಕೊಂಡು ‘ನಿನಗ ರಕ್ತ ಕಡಿಮಿ ಅದ, ರಾಯಚೂರಾಗ ಹಡೀತಿಯಾ, ಇಲ್ಲಿ ಹಡೀತಿಯಾ?’ ಎಂದು ಕೇಳಬಹುದಿತ್ತೆಂದು ಯಾರಿಗೂ ಹೊಳೆಯುವುದಿಲ್ಲ. ಹಗಲಲ್ಲಿ ಕೇಳಬಹುದಾಗಿದ್ದ ಮಾತು ರಾತ್ರಿ ಹೆಬ್ಬೆಟ್ಟಾಗಿ ಬರುತ್ತದೆ.

ಇನ್ನು ಆ ಮುದುಕಿಯ ಮಾತು: ನನ್ನ ರಕ್ತ ತಗೊಳ್ರಿ.

ಒಂದು ಕಾಲದಲ್ಲಿ ಸಣ್ಣ ಊರುಗಳ ಸರ್ಜನ್ನರು ಹಾಗೆಯೇ ಮಾಡುತ್ತಿದ್ದರು. ನೆಂಟರಲ್ಲಿ ಹೊಂದುವ ಗುಂಪಿನವರನ್ನು ಹುಡುಕಿ, ಅಲ್ಲೇ ಅಡ್ಡಹೊಂದಿಕೆ ನೋಡಿ, ಬಿಸಿ ಆರುವ ಮೊದಲೇ ರಕ್ತವನ್ನು ರೋಗಿಗೆ ಹಚ್ಚುತ್ತಿದ್ದರು. ಅದೇ ದೇಶದಲ್ಲಿ ಇನ್ನೊಂದು ಲೋಕವೂ ಇತ್ತು. ಹೊಟ್ಟೆಪಾಡಿಗೆ ರಕ್ತ ಮಾರುವವರು, ಅದನ್ನು ಪರೀಕ್ಷೆಯಿಲ್ಲದೆ ಕೊಂಡು ಮಾರುವ ಅಂಗಡಿಗಳು. ಎಚ್‌ಐವಿ ಬಂದ ಮೇಲೆ ಆ ಲೋಕ ಸಾವಿನ ಸಂತೆಯಾಯಿತು. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರಕ್ತನಿಧಿಗಳನ್ನು ಬಿಗಿ ಮಾಡಲು ಆದೇಶಿಸಿತು; 1998ರ ಜನವರಿ 1ರಿಂದ ಹಣಕ್ಕೆ ರಕ್ತ ಕೊಡುವುದು ನಿಂತಿತು. ಪರವಾನಗಿ ಇರುವ ರಕ್ತನಿಧಿ ಮಾತ್ರ ರಕ್ತ ತೆಗೆಯಬಹುದು ಎಂದಾಯಿತು. ಇದರಿಂದ ಎಷ್ಟೋ ಜೀವ ಉಳಿದಿವೆ, ಅದರಲ್ಲಿ ಅನುಮಾನವಿಲ್ಲ. ಉತ್ತರ ಕರ್ನಾಟಕದ ಜಿಲ್ಲೆಗಳು ಎಚ್‌ಐವಿಯ ಭಾರ ಹೊತ್ತದ್ದನ್ನು ಕಂಡವರು ಆ ಕಾನೂನಿನ ಬಗ್ಗೆ ಹಗುರವಾಗಿ ಮಾತಾಡಲಾರರು.

ಆದರೆ ಅದೇ ಕಾನೂನು ತಾಲ್ಲೂಕಿನ ಡಾಕ್ಟರ ಕೈಯನ್ನೂ ಕಟ್ಟಿತು. ಈಗ ಅತ್ತೆಯ ರಕ್ತ ತೆಗೆದು ಸೊಸೆಗೆ ಹಚ್ಚಿದರೆ ಅಪರಾಧ. ಹಚ್ಚದಿದ್ದರೆ ಯಾವ ಅಪರಾಧವೂ ಇಲ್ಲ. ಗ್ರಾಮೀಣ ಸರ್ಜನ್ನರ ಸಂಘ ವರ್ಷಾನುಗಟ್ಟಲೆ ಕೇಳುತ್ತ ಬಂದದ್ದು ಇದನ್ನೇ. ದೂರದ ಗಡಿ ಠಾಣೆಗಳಲ್ಲಿ ಸೈನ್ಯದ ವೈದ್ಯರಿಗೆ ಈ ವಿನಾಯಿತಿ ಉಂಟು, ಹೆರಿಗೆಯಲ್ಲಿ ರಕ್ತ ಹರಿಯುವ ಹೆಣ್ಣಿಗೆ ಏಕಿಲ್ಲ ಎಂದು. ವಿರುದ್ಧದ ವಾದವೂ ಪೊಳ್ಳಲ್ಲ. ಹತ್ತಿಪ್ಪತ್ತು ನಿಮಿಷದ ಕಡ್ಡಿ ಪರೀಕ್ಷೆಗಳು ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ವೈರಸನ್ನು ಹಿಡಿಯಲಾರವು. ಮನೆಮಂದಿ ಎಂದ ಮಾತ್ರಕ್ಕೆ ರಕ್ತ ಸುರಕ್ಷಿತವಲ್ಲ. ‘ಇವನ ರಕ್ತ ಬೇಡ’ ಎಂದರೆ ಅವನ ಗುಟ್ಟು ಬಯಲಾದಂತೆ, ಆದ್ದರಿಂದ ಮನೆಯವರ ಒತ್ತಾಯಕ್ಕೆ ಸುಳ್ಳು ಹೇಳಿ ಕೊಡುವವರೂ ಇರುತ್ತಾರೆ. ತುರ್ತಿನ ಹೆಸರಲ್ಲಿ ಬಾಗಿಲು ತೆರೆದರೆ ಹಳೆಯ ಸಂತೆ ಅದೇ ಬಾಗಿಲಿನಿಂದ ಒಳಗೆ ಬರಬಹುದು.

ತೂಗಿ ನೋಡಿದರೆ ಒಂದು ಕಡೆ ಸಣ್ಣ ಸಂಭವದ, ವರ್ಷಗಳ ನಂತರ ಬರಬಹುದಾದ, ಇಂದು ಔಷಧಿಯಿರುವ ಒಂದು ರೋಗ. ಇನ್ನೊಂದು ಕಡೆ ದೊಡ್ಡ ಸಂಭವದ, ಎರಡು ತಾಸಿನಲ್ಲಿ ಬರುವ ಸಾವು. ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಸರ್ಕಾರಿ ತಾಲ್ಲೂಕು ಆಸ್ಪತ್ರೆಯಲ್ಲಿ, ಬರೆದಿಟ್ಟ ಷರತ್ತುಗಳಡಿ, ಪ್ರತಿ ಸಲವೂ ಲೆಕ್ಕ ಒಪ್ಪಿಸುವಂತೆ ಆ ವಿನಾಯಿತಿ ಸಿಗಬೇಕು. ಆದರೆ ಇಷ್ಟು ಹೇಳಿ ಮುಗಿಸಿದರೆ ನಾನೂ ಡಾಕ್ಟರ ತಲೆಯ ಮೇಲೇ ಇನ್ನೊಂದು ಭಾರ ಹೊರಿಸಿದಂತಾಗುತ್ತದೆ. ಏಕೆಂದರೆ ಈ ಸಂಕಟಕ್ಕೆ ಒಂದು ಸಾದಾ ಪರಿಹಾರ ಮೊದಲಿನಿಂದಲೂ ಇದೆ: ರಕ್ತ ಶೇಖರಣಾ ಘಟಕ. ಅದು ರಕ್ತ ತೆಗೆಯುವುದಿಲ್ಲ, ಜಿಲ್ಲೆಯ ರಕ್ತನಿಧಿಯಿಂದ ತಂದು ಇಟ್ಟುಕೊಳ್ಳುತ್ತದೆ. ಬೇಕಾದದ್ದು 2ರಿಂದ 6 ಡಿಗ್ರಿಯಲ್ಲಿ ನಿಲ್ಲುವ ಒಂದು ಫ್ರಿಜ್ಜು, ಕೈಕೊಡದ ಕರೆಂಟು, ರಾತ್ರಿ ಪಾಳಿಗೂ ಇರುವ ಒಬ್ಬ ಲ್ಯಾಬ್ ಟೆಕ್ನಿಷಿಯನ್, ವಾರಕ್ಕೊಮ್ಮೆ ಬರುವ ಗಾಡಿ. ಸರಿಯಾದ ದ್ರಾವಣದಲ್ಲಿಟ್ಟ ಕೆಂಪು ರಕ್ತಕಣ 42 ದಿನ ಬಾಳುತ್ತದೆ. ಆ ನಾಲ್ಕೂ ಒಂದೇ ರಾತ್ರಿ ಒಂದೇ ಕಡೆ ಇದ್ದರೆ ಅತ್ತೆ ತೋಳು ಚಾಚುವ ಪ್ರಸಂಗವೇ ಬರುವುದಿಲ್ಲ. ಆ ರಾತ್ರಿ ಇಬ್ಬರು ಹೆಂಗಸರ ನಡುವೆ ಬಂದು ನಿಂತ ಪ್ರಶ್ನೆಯನ್ನು ಹಗಲು ಹೊತ್ತಿನಲ್ಲಿ, ಬಜೆಟ್ಟಿನ ಒಂದು ಸಾಲಿನಲ್ಲಿ, ಬೇರೆ ಯಾರೋ ಆಗಲೇ ತೀರ್ಮಾನಿಸಿದ್ದರು.

ಹೀಗಾಗಿ ಈ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತ ಹೋಗುವುದೇ ಸರಿ ಎನಿಸುತ್ತದೆ.

ಇಪ್ಪತ್ತು ನಿಮಿಷ ಹಿಂದೆ ಒಂದು ಸೂಜಿ ಕೊಟ್ಟರಲ್ಲ, ಅದು ಆಕ್ಸಿಟೋಸಿನ್. ಗರ್ಭಕೋಶ ಮುಷ್ಟಿ ಹಿಡಿಯುವಂತೆ ಮಾಡುವ, ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಹಾರ್ಮೋನು. 1953ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿದ ವಿನ್ಸೆಂಟ್ ಡು ವಿನ್ಯೋಗೆ ಎರಡೇ ವರ್ಷದಲ್ಲಿ ನೊಬೆಲ್ ಬಂತು. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿಗೆ, ಮಧ್ಯಾಹ್ನ ಕರೆಂಟು ಹೋದ ಉಪಕೇಂದ್ರದ ಕಪಾಟಿನಲ್ಲಿ, ಅದರ ಕಸುವು ಇಳಿಯುತ್ತದೆ. ಬಣ್ಣ ಬದಲಾಗುವುದಿಲ್ಲ, ಬಾಟಲಿ ಹಾಗೇ ಕಾಣುತ್ತದೆ. ನರ್ಸಮ್ಮ ಕೊಟ್ಟದ್ದು ಔಷಧಿಯೋ ನೀರೋ ಅವರಿಗೂ ಗೊತ್ತಾಗುವುದಿಲ್ಲ.

ಈ ಸೂಜಿಗೆ ಕರ್ನಾಟಕದ ಒಂದು ಕಥೆ ಸುತ್ತಿಕೊಂಡಿದೆ. ಎಮ್ಮೆ ಹಸುಗಳ ಹಾಲಿಳಿಸಲು ಆಕ್ಸಿಟೋಸಿನ್ ದುರುಪಯೋಗವಾಗುತ್ತಿದೆ ಎಂದು 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಅದನ್ನು ದೇಶದೊಳಗಿನ ಬಳಕೆಗೆ ತಯಾರಿಸುವುದನ್ನೇ ನಿಷೇಧಿಸಿತು. ಇಡೀ ದೇಶದ ಹೆರಿಗೆ ಕೋಣೆಗಳಿಗೆ ಬೆಂಗಳೂರಿನ ಸರ್ಕಾರಿ ಸಂಸ್ಥೆ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಒಂದೇ ಪೂರೈಸಬೇಕು ಎಂದಿತು. ದನಗಳಿಗೆ ಆಗುವ ಹಿಂಸೆ ನಿಜವಾದ ಕಾಳಜಿ. ಆದರೆ ಒಂದೇ ಕಾರ್ಖಾನೆ ನಿಂತರೆ ದೇಶದ ಬಾಣಂತಿಯರ ಗತಿಯೇನು? ಪ್ರಕರಣ ದೆಹಲಿ ಹೈಕೋರ್ಟಿಗೆ ಹೋಯಿತು. ಅದೇ ಡಿಸೆಂಬರ್‌ನಲ್ಲಿ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಸೂಜಿ ಸಿಗದೆ ಸಾಯುವವಳ ಸ್ಥಾನದಲ್ಲಿ ನಿಂತು ಆ ಕಡತವನ್ನು ಮೊದಲೇ ಯಾರಾದರೂ ಓದಿದ್ದರೆ ಅಷ್ಟು ದೂರ ಹೋಗಬೇಕಿರಲಿಲ್ಲ.

ತಂಪು ಬೇಡದ ಔಷಧಿಯೂ ಇದೆ, ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆ. ಅದು ಹೆರಿಗೆಯ ರಕ್ತಸ್ರಾವವನ್ನು ತಡೆಯುತ್ತದೆ ಎಂದು ಜಗತ್ತಿಗೆ ತೋರಿಸಿದ ಪ್ರಯೋಗಗಳಲ್ಲಿ ಬಹು ಮುಖ್ಯವಾದದ್ದು ನಡೆದದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. 2002ರಿಂದ 2005ರವರೆಗೆ, ಅಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಅಮೆರಿಕದ ಸಂಶೋಧಕರ ಜೊತೆ ಸೇರಿ, ಹಳ್ಳಿಯ ಶುಶ್ರೂಷಕಿಯರಾದ ಎಎನ್‌ಎಂಗಳು ಮನೆಯಲ್ಲೋ ಉಪಕೇಂದ್ರದಲ್ಲೋ ಹೆರಿಗೆ ಮಾಡಿಸಿದ 1,620 ತಾಯಂದಿರ ಮೇಲೆ ಅದನ್ನು ನಡೆಸಿತು. ಅರ್ಧದಷ್ಟು ಜನಕ್ಕೆ ನಿಜವಾದ ಗುಳಿಗೆ, ಉಳಿದವರಿಗೆ ನೋಡಲು ಅದರಂತೆಯೇ ಇರುವ, ಔಷಧಿಯಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ಗೊತ್ತಿಲ್ಲ. ಔಷಧಿ ಪಡೆದವರಲ್ಲಿ ರಕ್ತಸ್ರಾವ ಶೇ 6.4, ಪಡೆಯದವರಲ್ಲಿ ಶೇ 12. ತೀವ್ರ ರಕ್ತಸ್ರಾವ ಶೇ 1.2ರಿಂದ 0.2ಕ್ಕೆ ಇಳಿಯಿತು. 2006ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕೆ ಗುಳಿಗೆಯನ್ನು ಅತ್ಯವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು.

ಆ ಉಳಿದರ್ಧದ ತಾಯಂದಿರ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಜಗತ್ತಿನಲ್ಲಿ ಇರುವಾಗ ಅವರಿಗೆ ಬರಿಯ ಗುಳಿಗೆ ಕೊಟ್ಟದ್ದು ಸರಿಯೇ? ಸಂಶೋಧಕರ ಸಮರ್ಥನೆ ಹೀಗೆ: ಆಗ ಹಳ್ಳಿಯ ಎಎನ್‌ಎಂಗಳಿಗೆ ಆ ಸೂಜಿ ಕೊಡಲು ಅನುಮತಿ ಇರಲಿಲ್ಲ, ಹಳ್ಳಿಯ ಹೆರಿಗೆಯಲ್ಲಿ ಕೊಡುತ್ತಿದ್ದದ್ದು ಏನೂ ಇಲ್ಲ, ಹಾಗಾಗಿ ಯಾರಿಂದಲೂ ಏನನ್ನೂ ಕಿತ್ತುಕೊಳ್ಳಲಿಲ್ಲ. ತರ್ಕ ಸರಿಯಾಗಿದೆ. ಆದರೆ ಆ ‘ಏನೂ ಇಲ್ಲ’ ಬರಗಾಲದಂತೆ ಆಕಾಶದಿಂದ ಇಳಿದದ್ದಲ್ಲ, ಮನುಷ್ಯರು ಬರೆದ ನಿಯಮ. ಅದನ್ನೇ ಅಳತೆಗೋಲು ಮಾಡಿಕೊಂಡರೆ, ಹೆಚ್ಚು ವಂಚಿತರಾದವರ ಮೇಲೆ ಪ್ರಯೋಗ ನಡೆಸುವುದು ಹೆಚ್ಚು ಸುಲಭ ಎಂದಾಗುತ್ತದೆ. ಇನ್ನೊಂದು ಕಡೆ, ಆ ಅಂಕಿಗಳಿಲ್ಲದೆ ಗುಳಿಗೆ ಎಎನ್‌ಎಂಗಳ ಚೀಲಕ್ಕೆ ಬರುತ್ತಲೂ ಇರಲಿಲ್ಲ. ನಾನು ಪ್ರಯೋಗವನ್ನು ಒಪ್ಪುತ್ತೇನೆ, ಸಮಾಧಾನದಿಂದಲ್ಲ. ಅದರಲ್ಲಿ ಪಾಲ್ಗೊಂಡ ತಾಯಂದಿರ ಋಣ ಜಗತ್ತಿನ ಮೇಲಿದೆ, ಮತ್ತು ಅದನ್ನು ತೀರಿಸುವ ಮೊದಲ ಕಂತು ಆ ಗುಳಿಗೆ ಕರ್ನಾಟಕದ ಪ್ರತಿ ಉಪಕೇಂದ್ರದಲ್ಲೂ ಸದಾ ಇರುವುದು.

ಇನ್ನೂ ಹಿಂದಕ್ಕೆ, ಆರು ತಿಂಗಳು. ಹುಡುಗಿಯ ರಕ್ತ ಒಂದೇ ರಾತ್ರಿಯಲ್ಲಿ ತೆಳ್ಳಗಾಗಲಿಲ್ಲ. ಬಸುರಿನಲ್ಲಿ ದೇಹ ತನ್ನ ರಕ್ತದ ಗಾತ್ರವನ್ನು ಸುಮಾರು ಅರ್ಧದಷ್ಟು ಹೆಚ್ಚಿಸಿಕೊಳ್ಳುತ್ತದೆ. ನೀರಿನ ಭಾಗ ಬೇಗ ಏರುತ್ತದೆ, ಕೆಂಪು ಕಣಗಳು ಹೆಚ್ಚಬೇಕಾದರೆ ಕಬ್ಬಿಣ ಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಬಸುರಿಯರಲ್ಲಿ ಶೇ 45.7 ಮಂದಿಗೆ ರಕ್ತಹೀನತೆ. ಕಬ್ಬಿಣದ ಗುಳಿಗೆ ಹಂಚಲಾಗುತ್ತದೆ. ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಕೂಸು ದಪ್ಪಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಹೆದರಿಕೆಯೂ ಸೇರಿ ಗುಳಿಗೆಗಳು ಗೂಡಿನಲ್ಲೇ ಉಳಿಯುತ್ತವೆ. ಹತ್ತಿ ಬಿಡಿಸುವ ಕಾಲದಲ್ಲಿ ಬೆಳಗ್ಗೆ ಆರಕ್ಕೆ ಹೊಲಕ್ಕೆ ಹೋದವಳನ್ನು ‘ಗುಳಿಗಿ ಯಾಕ ತಿನ್ನಲಿಲ್ಲ?’ ಎಂದು ಬೈಯುವುದು ನಮ್ಮ ತಪಾಸಣೆಗಳ ದೊಡ್ಡ ಭಾಗವಾಗಿಬಿಟ್ಟಿದೆ. ಒಂದೇ ಸಲ ನರಕ್ಕೆ ಕಬ್ಬಿಣ ಏರಿಸಿದರೆ ಈ ತೊಡಕು ತಪ್ಪುತ್ತದೆಯೇ ಎಂದು ಕರ್ನಾಟಕ ಮತ್ತು ರಾಜಸ್ಥಾನದ 4,320 ಬಸುರಿಯರೊಂದಿಗೆ ರ‍್ಯಾಪಿಡ್‌ಐರನ್ ಎಂಬ ಪ್ರಯೋಗ ನಡೆಯಿತು. ಇಲ್ಲಿ ಯಾರಿಗೂ ಬರಿಯ ಗುಳಿಗೆ ಇರಲಿಲ್ಲ; ಒಂದು ಗುಂಪಿಗೆ ನುಂಗುವ ಕಬ್ಬಿಣ, ಉಳಿದ ಎರಡಕ್ಕೆ ನರಕ್ಕೆ ಕಬ್ಬಿಣ. ಬೆಳಗಾವಿಯ ಆ ಮೊದಲ ಪ್ರಯೋಗಕ್ಕೂ ಇದಕ್ಕೂ ನಡುವೆ ಈ ಒಂದು ವಿಷಯದಲ್ಲಿ ನಾವು ಸ್ವಲ್ಪ ದಾರಿ ನಡೆದಿದ್ದೇವೆ.

ತಾಯಿ ಕಾರ್ಡಿನ ಹತ್ತೊಂಬತ್ತಕ್ಕೆ ಬರುತ್ತೇನೆ. ಆಶಾ ಕಾರ್ಯಕರ್ತೆಗೆ ಗೊತ್ತು, ಹುಡುಗಿಗೆ ಹದಿನೇಳೂ ತುಂಬಿಲ್ಲ ಎಂದು. ನಿಜವಾದ ವಯಸ್ಸು ಬರೆಸಿದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ನಿನಂತೆ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು. ಗಂಡ ಜೈಲಿಗೆ ಹೋಗುತ್ತಾನೆ. ಮಕ್ಕಳನ್ನು ರಕ್ಷಿಸಲು ಬಂದ ಈ ಕಾನೂನು ಬೇಕು, ಬಾಲ್ಯವಿವಾಹ ನಿಲ್ಲಬೇಕು. ಆದರೆ ಆ ಹೆದರಿಕೆಗೆ ಹುಡುಗಿಯನ್ನು ಐದು ತಿಂಗಳು ಊರಾಚೆಯ ದೊಡ್ಡಿಯಲ್ಲೇ ಇಟ್ಟುಕೊಂಡು, ಕಡೆಗೆ ಸುಳ್ಳು ವಯಸ್ಸು ಹೇಳಿ ನೋಂದಾಯಿಸುತ್ತಾರೆ. ಎತ್ತರ ಬೆಳೆಯುವುದು ನಿಂತ ಮೇಲೂ ಕೆಲವು ವರ್ಷ ಹುಡುಗಿಯರ ಕಿಬ್ಬೊಟ್ಟೆಯ ಎಲುಬಿನ ಗೂಡು ಅಗಲವಾಗುತ್ತಲೇ ಇರುತ್ತದೆ. ನಿಜವಾದ ವಯಸ್ಸು ಗೊತ್ತಿದ್ದರೆ ಅವಳು ಮೊದಲ ದಿನದಿಂದಲೇ ಅಪಾಯದ ಪಟ್ಟಿಯಲ್ಲಿರುತ್ತಿದ್ದಳು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಗರ್ಭಪಾತಕ್ಕೆ ಬರುವ ಅಪ್ರಾಪ್ತೆಯ ಹೆಸರನ್ನು ವೈದ್ಯರು ಪೊಲೀಸರಿಗೆ ಹೇಳಬೇಕಾಗಿಲ್ಲ ಎಂದಿತು. ಹೆರಿಗೆಗೆ ಬರುವವಳಿಗೂ ಅಂಥದೊಂದು ರಕ್ಷಣೆ ಬೇಕು ಎಂಬುದು ನನ್ನ ಅಭಿಪ್ರಾಯ. ಗುಟ್ಟು ಕಾಯುವುದು ವೈದ್ಯರ ಅತ್ಯಂತ ಹಳೆಯ ಪ್ರತಿಜ್ಞೆ. ಅದು ಮುರಿದಾಗ ರೋಗಿಗಳು ಸುಳ್ಳು ಹೇಳುತ್ತಾರೆ, ಸುಳ್ಳಿನ ಮೇಲೆ ಚಿಕಿತ್ಸೆ ನಿಲ್ಲುವುದಿಲ್ಲ. ಕಾಗದವೇ ಅಡ್ಡ ನಿಲ್ಲುವುದೂ ಉಂಟು. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ತಾಯಿ ಕಾರ್ಡ್ ಇಲ್ಲವೆಂದು ಜಿಲ್ಲಾಸ್ಪತ್ರೆಯಿಂದ ವಾಪಸಾದ ಬಸುರಿ ಮನೆಯಲ್ಲಿ ಹೆತ್ತು, ಅವಳಿ ಕೂಸುಗಳ ಜೊತೆ ತೀರಿಕೊಂಡ ಸುದ್ದಿಯನ್ನು ನಾಡೇ ಓದಿದೆ.

ಬಜೆಟ್ಟಿನ ಸಾಲು ಎಂದೆನಲ್ಲ, ಆ ಹಣದ ಪ್ರಶ್ನೆಗೆ ರಾಯಚೂರಿನಲ್ಲೇ ಒಂದು ದೊಡ್ಡ ಉದಾಹರಣೆ ನಿಂತಿದೆ. ಊರವರು ಇವತ್ತಿಗೂ ‘ಓಪೆಕ್’ ಎಂದೇ ಕರೆಯುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ. ತೈಲ ದೇಶಗಳ ಓಪೆಕ್ ನಿಧಿಯ ನೆರವಿನಲ್ಲಿ, ಬಡವರಿಗೆ ಕಡಿಮೆ ಖರ್ಚಿನಲ್ಲಿ ಹೃದಯ, ಮೂತ್ರಪಿಂಡ, ನರರೋಗಗಳ ಚಿಕಿತ್ಸೆ ಸಿಗಲಿ ಎಂದು ಕಟ್ಟಿದ್ದು. ಜಾಗ, ಕಟ್ಟಡ, ರಸ್ತೆ, ನೀರು, ವಿದ್ಯುತ್ ಸರ್ಕಾರದ್ದು. ನಡೆಸುವ ಹೊಣೆಯನ್ನು ಈ ಶತಮಾನದ ಮೊದಲ ದಶಕದಲ್ಲಿ ಅಪೊಲೊ ಸಂಸ್ಥೆಗೆ ಕೊಟ್ಟರು. ಒಪ್ಪಂದದಂತೆ ಮೊದಲ ಮೂರು ವರ್ಷದ ನಷ್ಟವನ್ನು ಸರ್ಕಾರ ತುಂಬಿಕೊಡಬೇಕು. ಆಮೇಲೆ ಲಾಭ ಬಂದರೆ ಶೇ 30 ಸಂಸ್ಥೆಗೆ, ಬಾರದಿದ್ದರೂ ಬಿಲ್ಲಿನ ಶೇ 3ರವರೆಗೆ ಸೇವಾ ಶುಲ್ಕ. ಅವಧಿ ಮುಗಿದು ಆಸ್ಪತ್ರೆ ಸರ್ಕಾರದ ಕೈಗೆ, 2007ರಲ್ಲಿ ಶುರುವಾದ ರಿಮ್ಸಿನ ಮಡಿಲಿಗೆ ಬಂತು. ಹೃದಯದ ಕವಾಟ ಕೆಟ್ಟವನಿಗೆ ಹೈದರಾಬಾದಿಗೆ ಹೋಗದೆ ಚಿಕಿತ್ಸೆ ಸಿಗಬೇಕು, ಅದು ಅವನ ಹಕ್ಕು. ಆದರೆ ಅದೇ ವರ್ಷಗಳಲ್ಲಿ, 2002ರ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ದೇವದುರ್ಗ, ಮಾನ್ವಿ ಎರಡೂ ಇದ್ದವು. ಜಿಲ್ಲಾ ಕೇಂದ್ರದ ಎತ್ತರದ ಕಟ್ಟಡ ಫೋಟೊದಲ್ಲಿ ಕಾಣುತ್ತದೆ. ತಾಲ್ಲೂಕಿನ ಫ್ರಿಜ್ಜು ಕಾಣುವುದಿಲ್ಲ.

2022ರ ಮೇ 13ರಿಂದ ರಾಯಚೂರಿನಲ್ಲಿ ಏಮ್ಸ್‌ಗಾಗಿ ಧರಣಿ ಕೂತವರು ಸಾವಿರ ದಿನ ದಾಟಿಸಿದರು. ಅವರ ಬೇಡಿಕೆ ನ್ಯಾಯದ್ದು, ಅಷ್ಟು ದಿನ ಬಿಸಿಲಲ್ಲಿ ಕೂತ ಛಲಕ್ಕೆ ನಾನು ತಲೆಬಾಗುತ್ತೇನೆ. ಜೊತೆಗೊಂದು ಮಾತು ಸೇರಿಸಬೇಕೆನಿಸುತ್ತದೆ: ಏಮ್ಸ್ ಬಂದ ದಿನವೂ ದೇವದುರ್ಗ ರಾಯಚೂರಿನಿಂದ ಅಷ್ಟೇ ದೂರ ಇರುತ್ತದೆ.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರನೊಬ್ಬನನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ‘ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ’ ಎಂದು ಮುಂದಕ್ಕೆ ಕಳಿಸಿತು. 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ತುರ್ತು ಚಿಕಿತ್ಸೆ ಸಿಗದೆ ಹೋದರೆ ಅದು ಬದುಕುವ ಹಕ್ಕಿನ ಉಲ್ಲಂಘನೆ, ಹಣವಿಲ್ಲ ಎಂದು ಸರ್ಕಾರ ಈ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. ಪರಿಹಾರ 25,000 ರೂಪಾಯಿ. ಡಾಕ್ಟರನ್ನು ಮಾತ್ರ ಹಿಡಿಯದೆ ಸರ್ಕಾರವನ್ನೇ ಕಟಕಟೆಗೆ ಕರೆದ ಈ ತೀರ್ಪನ್ನು ನಮ್ಮಲ್ಲಿ ಸಾಕಷ್ಟು ನೆನೆಯುವುದಿಲ್ಲ. ಬಾಣಂತಿ ಸತ್ತ ಮರುದಿನ ಅಮಾನತು ಆಗುವುದು ರಾತ್ರಿ ಪಾಳಿಯವರೇ. ತಾಯಿ ಮರಣದ ಪರಿಶೀಲನೆಯ ಮೂಲ ತತ್ವ ಹೆಸರು ಹಿಡಿಯಬೇಡ, ದೂಷಿಸಬೇಡ, ಕಾರಣ ಹುಡುಕು ಎಂಬುದು. ಅಮಾನತಿನ ಭಯವಿದ್ದ ಕಡೆ ಕಾರಣಗಳು ಕಾಗದದ ಮೇಲೆ ಬರುವುದಿಲ್ಲ, ರೆಫರ್ ಚೀಟಿಗಳು ಹೆಚ್ಚುತ್ತವೆ, ಸಾವು ರಿಮ್ಸಿನ ಲೆಕ್ಕಕ್ಕೆ ಬೀಳುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗಲೂ ಮೊದಲ ನೋಟ ಬಿದ್ದದ್ದು ಡಾಕ್ಟರುಗಳ ಮೇಲೆ. ಆಮೇಲೆ ಅನುಮಾನ ಸಲೈನ್ ಬಾಟಲಿಯ ಕಡೆ, ರಿಂಗರ್ ಲ್ಯಾಕ್ಟೇಟ್ ದ್ರಾವಣದ ಕಡೆ ತಿರುಗಿತು. ಬಳಿಕ ರಾಜ್ಯ ನಡೆಸಿದ ಪರಿಶೀಲನೆ ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ತಾಯಂದಿರ ಸಾವುಗಳನ್ನು ಒಂದೊಂದಾಗಿ ನೋಡಿ, ಶೇ 70ರಷ್ಟನ್ನು ತಡೆಯಬಹುದಾಗಿತ್ತು ಎಂದಿತು.

ಗಡಿಯಾರವನ್ನು ಕೊನೆಯದಾಗಿ ಇನ್ನೊಮ್ಮೆ ತಿರುಗಿಸುತ್ತೇನೆ, 2011ಕ್ಕೆ. ಆ ವರ್ಷ ರಾಯಚೂರು ಜಿಲ್ಲೆಯ, ಅದರಲ್ಲೂ ದೇವದುರ್ಗದ ಕಡೆಯ ಮಕ್ಕಳ ಅಪೌಷ್ಟಿಕತೆಯ ಚಿತ್ರಗಳು ಟಿವಿಯಲ್ಲಿ ಬಂದವು. ಎಲುಬು ಎಣಿಸಬಹುದಾದ ಮಕ್ಕಳು. ವಿಷಯ ಹೈಕೋರ್ಟಿಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿ ಕೂತಿತು, 2012ರಲ್ಲಿ ವರದಿ ಬಂತು. ಹಾಲು, ಮೊಟ್ಟೆಯ ಮಾತು ಅಲ್ಲಿಂದ ಮುಂದಕ್ಕೆ ಸಾಗಿತು. 2021ರ ಡಿಸೆಂಬರ್‌ನಲ್ಲಿ ರಾಯಚೂರು ಸೇರಿ ಏಳು ಜಿಲ್ಲೆಗಳ ಶಾಲೆಗಳಿಗೆ ಮೊಟ್ಟೆ ಬಂತು, ಕೆಲವು ಮಠಾಧೀಶರ ವಿರೋಧದ ನಡುವೆ. ಎಳವೆಯಲ್ಲಿ ಊಟ ಸಾಲದೆ ಕುಳ್ಳಾಗಿ ಉಳಿದ ಹುಡುಗಿಯ ಕಿಬ್ಬೊಟ್ಟೆಯ ಗೂಡು ಇಕ್ಕಟ್ಟಾಗಿರುತ್ತದೆ, ಕಬ್ಬಿಣದ ದಾಸ್ತಾನು ಖಾಲಿಯಿರುತ್ತದೆ, ಅವಳು ಹೆರುವ ಕೂಸು ಎರಡೂವರೆ ಕೇಜಿ ಮುಟ್ಟದೆ ಹೋಗುವ ಸಂಭವ ಹೆಚ್ಚು. ಆ ಟಿವಿ ಚಿತ್ರಗಳ ವರ್ಷ ಎಳೆಗೂಸುಗಳಾಗಿದ್ದ ಹುಡುಗಿಯರು ಈಗ ಹದಿಹರೆಯದವರು. ಒಬ್ಬಳು ಈ ಹೆರಿಗೆ ಕೋಣೆಯಲ್ಲಿದ್ದಾಳೆ.

ಆಂಬುಲೆನ್ಸ್ ಬಂದಿದೆ. ಡಾಕ್ಟರು ತಾವೇ ಜೊತೆಗೆ ಹತ್ತುತ್ತಾರೆ. ಒಳಗೆ ಒಂದು ಕೈ ಗರ್ಭಕೋಶದ ಮೇಲೆ, ಇನ್ನೊಂದರಲ್ಲಿ ರಿಮ್ಸಿಗೆ ಫೋನು: ‘ಬಿ ಪಾಸಿಟಿವ್, ಎರಡು ಬಾಟ್ಲಿ ತಯಾರ ಇಡ್ರಿ, ಹೊಂಟೀವಿ.’ ದೇವದುರ್ಗದ್ದಾದರೆ ಗಬ್ಬೂರು ದಾಟಿದ ಮೇಲೆ ಅರ್ಧ ದಾರಿಯ ಲೆಕ್ಕ. ಹಿಂದಿನ ಸೀಟಿನಲ್ಲಿ ಅತ್ತೆ ಸೀರೆಯ ಸೆರಗಿನಲ್ಲಿ ಕೂಸನ್ನು ಸುತ್ತಿಕೊಂಡು ಕೂತಿದ್ದಾಳೆ. ಹೆಣ್ಣು ಕೂಸು. ತೂಕ ಎರಡು ಕೇಜಿ ನೂರು ಗ್ರಾಂ.